ಓರಾಯನ್ ನೀಹಾರಿಕೆಯ ಅಂಚಿಗೆ ಹೋಗಿ ಬಂದಿದ್ದು

ಶುಕ್ರವಾರ

ಎಲೀಟ್ ಡೇಂಜರಸ್ ಎಂಬ ಬಾಹ್ಯಾಕಾಶದ ವಿಡಿಯೋ ಆಟದಲ್ಲಿ ದುಡ್ಡು ಮಾಡಲು ನೂರು ದಾರಿ ಇದೆ. ಸರಕು ಸಾಗಿಸಬಹುದು, ಗಣಿ ಅಗೆಯಬಹುದು, ಕಂಡವರ ನೌಕೆಗೆ ಅಡ್ಡ ಹಾಕಿ ದೋಚಬಹುದು. ನನಗೆ ಇವು ಯಾವುವೂ ಜಾಸ್ತಿ ದಿನ ಹಿಡಿಸಲಿಲ್ಲ. 2014ರ ಡಿಸೆಂಬರ್‌ನಲ್ಲಿ ಬಂದ ಈ ಆಟದ ನಿಜವಾದ ಆಸ್ತಿ ಅದರ ನಕ್ಷೆ. ನಮ್ಮ ಹಾಲುಹಾದಿ ಪೂರ್ತಿಯಾಗಿ, ನಿಜದ ಅಳತೆಯಲ್ಲೇ, ಅದರೊಳಗೆ ಕೂತಿದೆ. ಸುಮಾರು 40,000 ಕೋಟಿ ನಕ್ಷತ್ರ ವ್ಯವಸ್ಥೆಗಳು. ಖಗೋಳ ವಿಜ್ಞಾನಿಗಳ ಪಟ್ಟಿಯಲ್ಲಿರುವ ಹೆಸರಾಂತ ನಕ್ಷತ್ರಗಳು ತಮ್ಮ ತಮ್ಮ ಜಾಗದಲ್ಲೇ ಇವೆ. ಉಳಿದದ್ದನ್ನು ಆಟವೇ ಲೆಕ್ಕ ಹಾಕಿ ಹುಟ್ಟಿಸುತ್ತದೆ.

ಈ ಸಲ ಹೊರಟಿದ್ದು ಓರಾಯನ್ ನೀಹಾರಿಕೆಗೆ. ಮಹಾವ್ಯಾಧ ನಕ್ಷತ್ರಪುಂಜದಲ್ಲಿ, ಬೆಲ್ಟಿನ ಮೂರು ನಕ್ಷತ್ರಗಳ ಕೆಳಗೆ ಮಸುಕಾಗಿ ಕಾಣುತ್ತದಲ್ಲ, ಅದೇ ಅನಿಲ, ಧೂಳಿನ ಮೋಡ. ಸೂರ್ಯನಿಂದ 1,344 ಜ್ಯೋತಿರ್ವರ್ಷ ದೂರ. ಆಟದಲ್ಲಿ ಇದು ದೂರವೇ ಅಲ್ಲ. ಗ್ಯಾಲಕ್ಸಿಯ ಆಚೆ ತುದಿಯ ಬೀಗಲ್ ಪಾಯಿಂಟ್‌ಗೆ 65,000 ಜ್ಯೋತಿರ್ವರ್ಷ ಹೋಗಿ ಬರುವವರಿದ್ದಾರೆ. ಅವರ ಮುಂದೆ ನನ್ನದು ಸಂಜೆ ವಾಕಿಂಗ್. ಆದರೆ ನನಗೆ ಬೇಕಾಗಿದ್ದು ದೂರ ಅಲ್ಲ, ಬಣ್ಣ. ಈ ದಾರಿಯಲ್ಲಿ ಮೊದಲು ನೀಲಿ ಸಿಗುತ್ತದೆ, ಆಮೇಲೆ ಕೆಂಪು. ಎರಡನ್ನೂ ಒಂದೇ ಸುತ್ತಿನಲ್ಲಿ ನೋಡಬೇಕೆಂಬ ಆಸೆ ಬಹಳ ದಿನದಿಂದ ಇತ್ತು.

ನೌಕೆ ಆಸ್ಪ್ ಎಕ್ಸ್‌ಪ್ಲೋರರ್. ಬೆಲೆ ಸುಮಾರು 66 ಲಕ್ಷ ಕ್ರೆಡಿಟ್. ಇದಕ್ಕಿಂತ ದೂರ ಜಿಗಿಯುವ ನೌಕೆಗಳು ಈಗ ಬೇಕಾದಷ್ಟಿವೆ. ಆದರೂ ನೀಹಾರಿಕೆ ನೋಡಲು ನಾನು ಇದನ್ನೇ ಹೊರಡಿಸುತ್ತೇನೆ. ಇದರ ಕಾಕ್‌ಪಿಟ್‌ನಲ್ಲಿ ಗಾಜು ತಲೆಯ ಮೇಲಷ್ಟೇ ಅಲ್ಲ, ಕಾಲ ಕೆಳಗೂ ಇದೆ. ನೋಡುವುದಕ್ಕೇ ಹೋಗುವವನಿಗೆ ಕಿಟಕಿ ಮುಖ್ಯ ಅಲ್ವಾ?

ಗನ್‌ಗಳನ್ನೆಲ್ಲ ಬಿಚ್ಚಿಸಿದೆ. ತೂಕ ಇಳಿದಷ್ಟೂ ಒಂದೊಂದು ಜಂಪ್, ಅಂದರೆ ನಕ್ಷತ್ರದಿಂದ ನಕ್ಷತ್ರಕ್ಕೆ ಜಿಗಿತ, ಉದ್ದವಾಗುತ್ತದೆ. ಶೀಲ್ಡ್ ಮಾತ್ರ ಚಿಕ್ಕದೊಂದು ಉಳಿಸಿಕೊಂಡೆ, ನೆಲಕ್ಕೆ ಇಳಿಯುವಾಗ ಬೇಕಾಗುತ್ತದೆ. ಜಂಪ್ ಡ್ರೈವ್‌ ಅನ್ನು ಡೆಸಿಯಾಟ್ ವ್ಯವಸ್ಥೆಯಲ್ಲಿರುವ ಎಂಜಿನಿಯರ್ ಫೆಲಿಸಿಟಿ ಫಾರ್‌ಸೀರ್ ಹತ್ತಿರ ಮೊದಲೇ ಸುಧಾರಿಸಿಕೊಂಡಿದ್ದೆ. ಆಟ ಆಡುವವರಲ್ಲಿ ಈಕೆಯ ಬಾಗಿಲು ತಟ್ಟದವರು ಕಡಿಮೆ. ಇನ್ನು ಫ್ಯುಯೆಲ್ ಸ್ಕೂಪ್. ನಕ್ಷತ್ರದ ಹೊರ ಪದರಕ್ಕೆ ಮೈ ಸವರಿಕೊಂಡು ಹೋಗಿ ಹೈಡ್ರೋಜನ್ ಹೀರುವ ಯಂತ್ರ ಅದು. ಅದಿಲ್ಲದೆ ಬಬಲ್‌ನಿಂದ, ಅಂದರೆ ಜನ ವಾಸಿಸುವ ವ್ಯವಸ್ಥೆಗಳ ಗುಂಪಿನಿಂದ, ಆಚೆ ಕಾಲಿಡುವ ಹಾಗಿಲ್ಲ.

ಶನಿವಾರ

ಬೆಳಗ್ಗೆಯೇ ಬಬಲ್ ದಾಟಿದೆ. ಆಟದ ಗಡಿಯಾರ ನಮ್ಮದಕ್ಕಿಂತ ಯಾವಾಗಲೂ 1,286 ವರ್ಷ ಮುಂದೆ ಓಡುತ್ತದೆ. ತಿಂಗಳು, ತಾರೀಖು ಎಲ್ಲ ಅದೇ, ಶತಮಾನ ಮಾತ್ರ ಬೇರೆ. ಮೊದಲ ನಿಲ್ದಾಣ ಕೃತ್ತಿಕಾ, ಅಂದರೆ ಪ್ಲೀಯಡೀಸ್ ನಕ್ಷತ್ರಗುಚ್ಛ. ಸುಮಾರು 440 ಜ್ಯೋತಿರ್ವರ್ಷ.

ಜಂಪ್ ಮಾಡುವ ಕೆಲಸ ಹೇಳಿಕೊಳ್ಳುವಂಥದ್ದೇನಲ್ಲ. ಡ್ರೈವ್ ಚಾರ್ಜ್ ಆಗುತ್ತದೆ, ಐದರಿಂದ ಎಣಿಕೆ ಇಳಿಯುತ್ತದೆ, ಸುರಂಗ, ಆಮೇಲೆ ಎದುರಿಗೇ ಧುತ್ತೆಂದು ಒಂದು ನಕ್ಷತ್ರ. ತಕ್ಷಣ ವೇಗ ಸೊನ್ನೆಗೆ ಇಳಿಸಬೇಕು. ಬಟನ್ ಒತ್ತಿ ಹಿಡಿದರೆ ಸ್ಕ್ಯಾನರ್ ಕಹಳೆ ಊದಿದಂತೆ ಸದ್ದು ಮಾಡಿ ಸುತ್ತ ಎಷ್ಟು ಗ್ರಹ ಇವೆ ಎಂದು ಹೇಳುತ್ತದೆ. ಆಟಗಾರರು ಇದಕ್ಕೆ ಹಾಂಕ್ ಎನ್ನುತ್ತಾರೆ. ಸ್ಕೂಪ್ ಮಾಡು, ತಿರುಗು, ಮುಂದಿನ ಜಂಪ್.

ಕೃತ್ತಿಕೆಯ ಹತ್ತಿರ ಬಂದಂತೆ ನೀಲಿ ಶುರುವಾಯಿತು. ಮೊದಲು ನಾಲ್ಕೈದು ನಕ್ಷತ್ರಗಳ ಸುತ್ತ ತೆಳ್ಳಗೆ, ಆಮೇಲೆ ಅರ್ಧ ಆಕಾಶಕ್ಕೆ. ಈ ಮೋಡಕ್ಕೆ ಸ್ವಂತ ಬೆಳಕಿಲ್ಲ. ಅದರಲ್ಲಿರುವುದು ಸಣ್ಣ ಸಣ್ಣ ಧೂಳಿನ ಕಣಗಳು. ಅವು ಹತ್ತಿರದ ಬಿಸಿ ನಕ್ಷತ್ರಗಳ ಬೆಳಕನ್ನು ಚದುರಿಸುತ್ತವೆ. ಕೆಂಪಿಗಿಂತ ನೀಲಿ ಜಾಸ್ತಿ ಚದುರುವುದರಿಂದ ಮೋಡವೆಲ್ಲ ನೀಲಿ. ಬಹಳ ಕಾಲ ಇದನ್ನು ಆ ನಕ್ಷತ್ರಗಳು ಹುಟ್ಟಿದಾಗ ಉಳಿದ ಧೂಳು ಎಂದೇ ತಿಳಿದಿದ್ದರು. ಹಾಗಲ್ಲವಂತೆ. ಈ ನಕ್ಷತ್ರಗಳಿಗೆ ಸುಮಾರು 10 ಕೋಟಿ ವರ್ಷ ವಯಸ್ಸು. ಹುಟ್ಟಿದಾಗಿನ ಧೂಳು ಎಂದೋ ಚೆಲ್ಲಾಪಿಲ್ಲಿಯಾಗಿ ಹೋಗಿರುತ್ತದೆ. ಅವು ಈಗ ಸಂಬಂಧವೇ ಇಲ್ಲದ ಬೇರೊಂದು ಮೋಡದ ಮೂಲಕ ಹಾದುಹೋಗುತ್ತಿವೆ, ಅಷ್ಟೇ. ಕಾಕ್‌ಪಿಟ್‌ನಲ್ಲಿ ಕೂತು ನೋಡುವಾಗ ಇದು ಗೊತ್ತಿದ್ದರೆ ನೋಟವೇ ಬದಲಾಗುತ್ತದೆ. ಮನೆ ಎಂದುಕೊಂಡದ್ದು ಬರೀ ದಾರಿ.

ಮೆರೋಪಿ ವ್ಯವಸ್ಥೆಗೂ ಹೋದೆ. ಇಲ್ಲಿನ 5ಸಿ ಎಂಬ ಉಪಗ್ರಹದ ಮೇಲೆ 2016ರ ಜನವರಿಯಲ್ಲಿ ಆಟಗಾರರು ಮೊದಲ ಸಲ ಬಾರ್ನಕಲ್‌ಗಳನ್ನು ಕಂಡುಹಿಡಿದರು. ನೆಲದಿಂದ ಮೊಳೆತು ನಿಂತ ದೊಡ್ಡ ಜೀವಿಗಳು, ಥಾರ್ಗಾಯ್ಡ್ ಎಂಬ ಅನ್ಯಲೋಕದವರಿಗೆ ಸೇರಿದ್ದು. ಮುಂದಿನ ವರ್ಷ ಜನವರಿಯಲ್ಲಿ ಆ ಥಾರ್ಗಾಯ್ಡ್‌ಗಳೇ ಒಬ್ಬ ಆಟಗಾರನ ನೌಕೆಯನ್ನು ಜಂಪ್‌ನ ಮಧ್ಯದಿಂದ ಎಳೆದು ಹಾಕಿದವು. ಅಲ್ಲಿಂದ ಆಟದ ಕಥೆ ಬೇರೆಯೇ ದಿಕ್ಕು ಹಿಡಿಯಿತು. ನನಗೆ ಕಥೆ ಬೇಡವಾಗಿತ್ತು. ಗನ್ ಇಲ್ಲದ ನೌಕೆ ಬೇರೆ. ನೀಲಿ ನೋಡಿದೆ, ಹೊರಟೆ.

ಭಾನುವಾರ

ಇವತ್ತು ವಿಚ್ ಹೆಡ್ ನೀಹಾರಿಕೆ. ದಾರಿಯಲ್ಲೇ ರಿಜೆಲ್. ಮಹಾವ್ಯಾಧನ ಕಾಲಿನ ಜಾಗದಲ್ಲಿ ಹೊಳೆಯುವ ನೀಲಿ ದೈತ್ಯ ಇದು, ಸುಮಾರು 860 ಜ್ಯೋತಿರ್ವರ್ಷ ದೂರದಲ್ಲಿದೆ. ಸೂರ್ಯನಂಥ ನಕ್ಷತ್ರಗಳ ಬಳಿ ಸ್ಕೂಪ್ ಮಾಡಿ ಕೈ ಪಳಗಿದವರಿಗೆ ರಿಜೆಲ್ ಮುಂದೆ ಅಂದಾಜೇ ಸಿಗುವುದಿಲ್ಲ. ಹತ್ತಿರ ಬಂದೆ ಅನ್ನಿಸುತ್ತದೆ, ಮೀಟರ್ ನೋಡಿದರೆ ಇನ್ನೂ ಎಷ್ಟೋ ದೂರ. ಗಾಜಿನ ತುಂಬ ಬಿಳಿ-ನೀಲಿ ಬೆಳಕು. ಉಷ್ಣತೆಯ ಮುಳ್ಳು ಮೇಲೇರುತ್ತಲೇ ಇರುತ್ತದೆ.

ರಿಜೆಲ್‌ಗೆ ಬರಲು ಕಾರಣ ಇದೆ. ವಿಚ್ ಹೆಡ್ ಕೂಡ ಕೃತ್ತಿಕೆಯ ಮೋಡದಂಥದ್ದೇ, ಎರವಲು ಬೆಳಕಿನದು. ಅದಕ್ಕೆ ಬೆಳಕು ಕೊಡುವುದು ರಿಜೆಲ್. ದೀಪ ಮೊದಲು ನೋಡಿ, ಆಮೇಲೆ ಅದು ಬೆಳಗಿದ ಗೋಡೆ ನೋಡೋಣ ಎಂದುಕೊಂಡೆ. ಆದರೆ ವಿಚ್ ಹೆಡ್ ಅಷ್ಟೇನೂ ಮನಸ್ಸಿಗೆ ಬರಲಿಲ್ಲ. ಭೂಮಿಯಿಂದ ತೆಗೆದ ಫೋಟೋಗಳಲ್ಲಿ ಮೂಗು, ಗಲ್ಲ ಚೂಪಾದ ಮುದುಕಿಯ ಮುಖ ಕಾಣುತ್ತದೆ. ಆ ಮುಖ ಕಾಣುವುದು ನಮ್ಮ ಕಡೆಯಿಂದ ನೋಡಿದಾಗ ಮಾತ್ರ. ಪಕ್ಕದಿಂದ ನೋಡಿದರೆ ಮುಖವೂ ಇಲ್ಲ, ಮುದುಕಿಯೂ ಇಲ್ಲ. ನೀಹಾರಿಕೆಗಳಿಗೆ ಇಟ್ಟಿರುವ ಹೆಸರುಗಳೆಲ್ಲ ಭೂಮಿಯ ಮೇಲೆ ನಿಂತವರ ಹೆಸರುಗಳು ಎಂಬುದು ಈ ಆಟದಲ್ಲಿ ಬೇಗ ಗೊತ್ತಾಗಿಬಿಡುತ್ತದೆ.

ಸೋಮವಾರ

ಬರೀ ಜಂಪ್. ಆರ್ದ್ರಾ ನಕ್ಷತ್ರ ಅಂದರೆ ಬೆಟೆಲ್ಗ್ಯೂಸ್ ಕಡೆ ತಿರುಗಬಹುದಿತ್ತು, ತಿರುಗಲಿಲ್ಲ. ರಾತ್ರಿ ಹೊತ್ತಿಗೆ ಮುಂದಿನ ಗಾಜಿನಲ್ಲಿ ಗುಲಾಬಿ ಕಲೆಯೊಂದು ಕಾಣಿಸಿಕೊಂಡಿತು. ಒಂದೊಂದು ಜಂಪ್‌ಗೂ ಅಗಲವಾಗುತ್ತ ಹೋಯಿತು.

ಮಂಗಳವಾರ

ಇವತ್ತು ಇಡೀ ದಿನ ಅಂಚಿನಲ್ಲೇ ಕಳೆದೆ. ಇಡೀ ಪ್ರವಾಸದಲ್ಲಿ ಇದೇ ಒಳ್ಳೆಯ ದಿನ.

ಓರಾಯನ್ ನೀಹಾರಿಕೆಯ ಅಗಲ ಸುಮಾರು 24 ಜ್ಯೋತಿರ್ವರ್ಷ. ಭೂಮಿಯಿಂದ ನೋಡಿದರೆ ಅದು ಆಕಾಶದಲ್ಲಿ ಒಂದು ಡಿಗ್ರಿಯಷ್ಟು ಜಾಗ ಹಿಡಿಯುತ್ತದೆ, ಎರಡು ಹುಣ್ಣಿಮೆ ಚಂದ್ರರನ್ನು ಪಕ್ಕಪಕ್ಕ ಇಟ್ಟಷ್ಟು. ನಾನು ಗ್ಯಾಲಕ್ಸಿ ಮ್ಯಾಪ್ ತೆರೆದು ಅದರ ನಡುವಿನಿಂದ ಸುಮಾರು 30 ಜ್ಯೋತಿರ್ವರ್ಷ ದೂರದ ನಕ್ಷತ್ರವೊಂದನ್ನು ಆರಿಸಿದೆ. ಅಲ್ಲಿಂದ ನೀಹಾರಿಕೆ ನಲವತ್ತು ಡಿಗ್ರಿಗೂ ಮೀರಿ ಹರಡುತ್ತದೆ. ಅಂದರೆ ಚಂದ್ರನ ಅಗಲಕ್ಕಿಂತ ಎಂಬತ್ತು ಪಟ್ಟಿಗೂ ಜಾಸ್ತಿ. ಮುಂದಿನ ಗಾಜು ತುಂಬುತ್ತದೆ, ಆದರೆ ಅಂಚುಗಳು ಗಾಜಿನೊಳಗೇ ಉಳಿಯುತ್ತವೆ. ಸುತ್ತ ಕಪ್ಪು ಆಕಾಶ ಇರುತ್ತದೆ. ಆ ಕಪ್ಪು ಇದ್ದರೇ ಬಣ್ಣಕ್ಕೆ ಬೆಲೆ.

ಇಲ್ಲಿನ ಕೆಂಪು ಕೃತ್ತಿಕೆಯ ನೀಲಿಯ ಹಾಗೆ ಎರವಲು ಅಲ್ಲ. ಈ ಅನಿಲ ತಾನೇ ಬೆಳಗುತ್ತದೆ. ನಡುವೆ ಟ್ರೆಪೀಜಿಯಂ ಎಂಬ ಎಳೆಯ ನಕ್ಷತ್ರಗಳ ಗುಂಪಿದೆ. ಅದರಲ್ಲಿ ಥೀಟಾ-1 ಓರಾಯನಿಸ್ ಸಿ ಎಂಬುದೊಂದೇ ಹೆಚ್ಚಿನ ಕೆಲಸ ಮಾಡುತ್ತದೆ. ಅದರ ಮೇಲ್ಮೈ ಸೂರ್ಯನಿಗಿಂತ ಆರು ಪಟ್ಟಿಗೂ ಜಾಸ್ತಿ ಬಿಸಿ. ಅದರಿಂದ ಬರುವ ನೇರಳಾತೀತ ಬೆಳಕು ಹೈಡ್ರೋಜನ್ ಪರಮಾಣುಗಳಿಂದ ಎಲೆಕ್ಟ್ರಾನನ್ನು ಕಿತ್ತು ಹಾಕುತ್ತದೆ. ಎಲೆಕ್ಟ್ರಾನ್ ಮತ್ತೆ ಬಂದು ಸೇರಿಕೊಂಡು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುವಾಗ ಬೆಳಕು ಬಿಡುತ್ತದೆ. ಆ ಬೆಳಕಿನಲ್ಲಿ ಎದ್ದು ಕಾಣುವುದು 656 ನ್ಯಾನೋಮೀಟರ್‌ನ ಕೆಂಪು.

ಹಸಿರೂ ಇದೆ. ಅದರ ಕಥೆ ಚೆನ್ನಾಗಿದೆ. 1864ರಲ್ಲಿ ವಿಲಿಯಂ ಹಗ್ಗಿನ್ಸ್ ಎಂಬ ಇಂಗ್ಲಿಷ್ ಖಗೋಳಜ್ಞ ಒಂದು ನೀಹಾರಿಕೆಯ ಬೆಳಕನ್ನು ಪಟ್ಟಕದಲ್ಲಿ ಹಾಯಿಸಿ ನೋಡಿದ. ಕಾಮನಬಿಲ್ಲಿನ ಪಟ್ಟಿ ಬರಲಿಲ್ಲ, ಬಿಡಿ ಬಿಡಿ ಗೆರೆಗಳು ಬಂದವು. ಅಂದರೆ ಅಲ್ಲಿರುವುದು ನಕ್ಷತ್ರಗಳ ಗುಂಪಲ್ಲ, ಅನಿಲ. ಆದರೆ ಅದರಲ್ಲಿದ್ದ ಹಸಿರು ಗೆರೆ ಭೂಮಿಯ ಯಾವ ಮೂಲವಸ್ತುವಿನದೂ ಆಗಿರಲಿಲ್ಲ. ಹಾಗಾಗಿ ನೆಬ್ಯೂಲಿಯಂ ಎಂಬ ಹೊಸ ಮೂಲವಸ್ತುವೇ ಇರಬೇಕೆಂದು ಊಹಿಸಿದರು. 1927ರಲ್ಲಿ ಐರಾ ಬೋವೆನ್ ಎಂಬ ಅಮೆರಿಕದ ವಿಜ್ಞಾನಿ ಗುಟ್ಟು ಬಿಡಿಸಿದ. ಅದು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕ, ನಾವು ದಿನಾ ಉಸಿರಾಡುವ ವಸ್ತುವೇ. ಭೂಮಿಯ ಮೇಲೆ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಲೇ ಇರುವುದರಿಂದ ಅದಕ್ಕೆ ಆ ಗೆರೆ ಬಿಡಲು ಪುರಸೊತ್ತೇ ಸಿಗುವುದಿಲ್ಲ. ಇಲ್ಲಿ ಅನಿಲ ಅಷ್ಟು ತೆಳು, ಯಾರೂ ಬಂದು ತಳ್ಳುವುದಿಲ್ಲ.

ಎಷ್ಟು ತೆಳು? ಓರಾಯನ್‌ನ ದಟ್ಟವಾದ ನಡುಭಾಗದಲ್ಲೂ ಒಂದು ಘನ ಸೆಂಟಿಮೀಟರ್‌ಗೆ ಸುಮಾರು 10,000 ಕಣ. ನಮ್ಮ ಗಾಳಿಯಲ್ಲಿ ಅಷ್ಟೇ ಜಾಗದಲ್ಲಿ ಎರಡೂವರೆ ಲಕ್ಷ ಕೋಟಿ ಕೋಟಿ ಅಣುಗಳಿವೆ. ಮೋಡ ಎಂದು ಕರೆಯುವುದೇ ದೊಡ್ಡ ಮಾತು.

ಮಧ್ಯಾಹ್ನದಿಂದ ಅಂಚಿನ ಸುತ್ತ ಚಿಕ್ಕ ಚಿಕ್ಕ ಜಂಪ್ ಮಾಡಿದೆ. ಒಂದೇ ವ್ಯವಸ್ಥೆಯೊಳಗೆ ಎಷ್ಟು ತಿರುಗಿದರೂ ಹಿನ್ನೆಲೆಯ ಆಕಾಶ ಅಲುಗುವುದಿಲ್ಲ. ಜಂಪ್ ಮಾಡಿ ಹೊಸ ನಕ್ಷತ್ರಕ್ಕೆ ಬಂದರೆ ಮಾತ್ರ ಆಟ ಆ ಜಾಗದಿಂದ ಕಾಣುವ ಆಕಾಶವನ್ನು ಹೊಸದಾಗಿ ಕಟ್ಟುತ್ತದೆ. ಆದ್ದರಿಂದ ಒಂದೊಂದು ಜಂಪ್ ಒಂದೊಂದು ಫೋಟೋ ಇದ್ದ ಹಾಗೆ. ಒಂದು ಕಡೆಯಿಂದ ನೀಹಾರಿಕೆ ಬಟ್ಟಲಿನಂತೆ ಬಾಗಿತ್ತು. ಇನ್ನೊಂದು ಕಡೆಯಿಂದ ಅದರ ಹಿಂದೆ ಹಾಲುಹಾದಿಯ ಪಟ್ಟಿ ಓರೆಯಾಗಿ ಬಂತು. ಮತ್ತೊಂದು ಕಡೆ ಬಾರ್ನಾರ್ಡ್ಸ್ ಲೂಪ್ ಎಂಬ ಇನ್ನೊಂದು ನೀಹಾರಿಕೆಯ ದೊಡ್ಡ ಕೆಂಪು ಕಮಾನೂ ಅದೇ ಚೌಕಟ್ಟಿಗೆ ಬಂತು. ಕ್ಯಾಮೆರಾ ಹೊರಗೆ ಬಿಟ್ಟು, ನೌಕೆಯನ್ನು ಒಂದು ಉಂಗುರವಿರುವ ಗ್ರಹದ ನೆರಳಿಗೆ ತಂದು ನಿಲ್ಲಿಸಿದೆ. ನಕ್ಷತ್ರದ ಬೆಳಕು ಮರೆಯಾದ ಮೇಲೆ ಗುಲಾಬಿ ಬಣ್ಣ ಇನ್ನಷ್ಟು ಬಿಚ್ಚಿಕೊಂಡಿತು.

ಬುಧವಾರ

ಒಳಗೆ ಹೊಕ್ಕೆ. ಹೊಗಳಿಕೆ ಇಲ್ಲಿಗೆ ಸ್ವಲ್ಪ ನಿಲ್ಲುತ್ತದೆ.

ಟ್ರೆಪೀಜಿಯಂ ಸೆಕ್ಟರ್‌ನ ನಕ್ಷತ್ರವೊಂದಕ್ಕೆ ಜಂಪ್ ಮಾಡಿದಾಗ ಸುತ್ತಲೂ ಮಬ್ಬು. ಎಡಕ್ಕೆ ಒಂದಿಷ್ಟು ಗುಲಾಬಿ, ಬಲಕ್ಕೆ ಒಂದಿಷ್ಟು ಬೂದು, ಯಾವುದಕ್ಕೂ ಆಕಾರ ಇಲ್ಲ. ನಿನ್ನೆ ಕಂಡ ಬಟ್ಟಲು, ಕಮಾನು, ಮಡಿಕೆಗಳೆಲ್ಲ ಎಲ್ಲಿ ಹೋದವು? ಎಲ್ಲೂ ಹೋಗಿಲ್ಲ. ನಾನು ಅವುಗಳ ಒಳಗಿದ್ದೇನೆ, ಅದಕ್ಕೇ ಕಾಣುತ್ತಿಲ್ಲ.

ಇದು ಆಟದ ದೋಷ ಎಂದು ದೂರುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹರಡಿಕೊಂಡಿರುವ ವಸ್ತುವಿನ ಹತ್ತಿರ ಹೋದಷ್ಟೂ ಅದು ಅಗಲವಾಗುತ್ತದೆಯೇ ಹೊರತು ಪ್ರಖರವಾಗುವುದಿಲ್ಲ. ಬರುವ ಬೆಳಕು ಜಾಸ್ತಿಯಾದಷ್ಟೇ ಅದು ಹಿಡಿಯುವ ಜಾಗವೂ ಜಾಸ್ತಿ. ತುಣುಕು ತುಣುಕಾಗಿ ನೋಡಿದರೆ ಹೊಳಪು ಅಷ್ಟೇ. ಹಾಗಾಗಿ ನಿಜವಾಗಿ ಯಾರಾದರೂ ಅಲ್ಲಿಗೆ ಹೋದರೆ ಈ ಗುಲಾಬಿ ಕೂಡ ಸಿಗುವುದು ಕಷ್ಟ. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣ ಹಿಡಿಯುವುದಿಲ್ಲ. ದೂರದರ್ಶಕದಲ್ಲಿ ಕಣ್ಣಿಟ್ಟು ನೋಡುವವರಿಗೂ ಓರಾಯನ್ ಬೂದಾಗಿ, ಹೆಚ್ಚೆಂದರೆ ತುಸು ಹಸಿರಾಗಿ ಕಾಣುತ್ತದೆ. ಫೋಟೋದ ಕೆಂಪು ಕ್ಯಾಮೆರಾ ತಾಳ್ಮೆಯಿಂದ ಕೂಡಿಸಿಟ್ಟ ಬೆಳಕು. 1880ರ ಸೆಪ್ಟೆಂಬರ್‌ನಲ್ಲಿ ಹೆನ್ರಿ ಡ್ರೇಪರ್ ಇದೇ ನೀಹಾರಿಕೆಯ ಮೊದಲ ಫೋಟೋ ತೆಗೆದಾಗಲೂ ಎಷ್ಟೋ ಹೊತ್ತು ಫೋಟೋ ತಟ್ಟೆಯನ್ನು ಬೆಳಕಿಗೆ ತೆರೆದಿಡಬೇಕಾಯಿತು. ಆಟ ಮಾಡಿದವರು ಹೊರಗಿನ ನೋಟಕ್ಕೆ ಕ್ಯಾಮೆರಾದ ಬಣ್ಣ ಕೊಟ್ಟಿದ್ದಾರೆ. ಒಳ್ಳೆಯದನ್ನೇ ಮಾಡಿದ್ದಾರೆ. ಬೂದು ನೋಡಲು ಇಷ್ಟು ದೂರ ಯಾರು ಬರುತ್ತಾರೆ?

ಒಳಗೆ ಇನ್ನೊಂದು ತಲೆನೋವು ಇಂಧನ. ಓ, ಬಿ, ಎ, ಎಫ್, ಜಿ, ಕೆ, ಎಂ ಎಂಬ ಏಳು ಬಗೆಯ ನಕ್ಷತ್ರಗಳಿಂದ ಮಾತ್ರ ಸ್ಕೂಪ್ ಮಾಡಬಹುದು. ಓರಾಯನ್ ಅಂದರೆ ನಕ್ಷತ್ರಗಳ ಹೆರಿಗೆ ಮನೆ. ಹಾಗಾಗಿ ಇಲ್ಲಿ ಟಿ ಟೌರಿ ನಕ್ಷತ್ರಗಳು ತುಂಬ. ಇನ್ನೂ ಕುಗ್ಗುತ್ತಲೇ ಇರುವ, ಒಳಗೆ ಹೈಡ್ರೋಜನ್ ಸರಿಯಾಗಿ ಉರಿಯಲು ಶುರುವಾಗದ ಕೂಸುಗಳು. ನೋಡಲು ಥೇಟ್ ನಕ್ಷತ್ರ, ಸ್ಕೂಪ್ ತೆರೆದರೆ ಒಂದು ಹನಿಯೂ ಇಲ್ಲ. ಮ್ಯಾಪ್‌ನಲ್ಲಿ ಫಿಲ್ಟರ್ ಹಾಕಿ, ಏಳು ಬಗೆಯವನ್ನೇ ಹಿಡಿದು ದಾರಿ ಹಾಕಿದೆ. ದಾರಿ ಸುತ್ತು ಬಳಸಾಯಿತು, ಆಗಲಿ. ಇಂಧನ ಪೂರ್ತಿ ಮುಗಿದರೂ ಫ್ಯುಯೆಲ್ ರ‍್ಯಾಟ್ಸ್ ಎಂಬ ಆಟಗಾರರ ತಂಡವಿದೆ. ಕರೆದರೆ ಎಲ್ಲಿಂದಲೋ ಬಂದು, ಒಂದು ಕ್ರೆಡಿಟ್ ಕೂಡ ಕೇಳದೆ ಟ್ಯಾಂಕ್ ತುಂಬಿಸಿ ಹೋಗುತ್ತಾರೆ. ಈ ಆಟದಲ್ಲಿ ನನಗೆ ಬಹಳ ಇಷ್ಟವಾಗುವ ಜನ ಅವರು. ಆದರೆ ಸುಮ್ನೆ ಅವರಿಗೆ ಕೆಲಸ ಕೊಡುವುದೇಕೆ?

ಗುರುವಾರ

ಮತ್ತೆ ಅಂಚಿಗೆ ಬಂದೆ. ಇವತ್ತು ನೆಲದ ಮೇಲೆ ಇಳಿಯುವ ಆಸೆ. ನೌಕೆಯ ಗಾಜಿನಿಂದ ನೋಡುವುದೇ ಬೇರೆ, ಒಂದು ಗುಡ್ಡದ ಮೇಲೆ ನಿಂತು ತಲೆಯೆತ್ತಿ ನೋಡುವುದೇ ಬೇರೆ. 2021ರ ಮೇ ತಿಂಗಳಲ್ಲಿ ಬಂದ ಒಡಿಸ್ಸಿ ವಿಸ್ತರಣೆಯ ನಂತರ ನೌಕೆಯಿಂದ ಇಳಿದು ನಡೆಯಬಹುದು. ತೆಳು ವಾತಾವರಣವಿರುವ ಗ್ರಹಗಳಿಗೂ ಇಳಿಯಬಹುದು.

ಮೊದಲು ಸಿಕ್ಕ ಗ್ರಹದ ಗುರುತ್ವ ಭೂಮಿಯ ಎರಡು ಪಟ್ಟಿಗೂ ಜಾಸ್ತಿ ಇತ್ತು. ಅಷ್ಟು ಭಾರದ ನೆಲಕ್ಕೆ ಚಿಕ್ಕ ಶೀಲ್ಡ್ ನಂಬಿ ಇಳಿಯುವುದು ಬೇಡವೆಂದು ಮುಂದೆ ಹೋದೆ. ಇನ್ನೊಂದು ವ್ಯವಸ್ಥೆಯಲ್ಲಿ ಪುಟ್ಟ ಮಂಜುಗಡ್ಡೆಯ ಗ್ರಹ ಸಿಕ್ಕಿತು. ತೆಳು ವಾತಾವರಣ, ಹಗುರ ಗುರುತ್ವ. ಸುತ್ತಲೂ ಪ್ರೋಬ್ ಹಾರಿಸಿ ನಕ್ಷೆ ಮಾಡಿದಾಗ ಜೀವಿಯ ಸಂಕೇತವೊಂದು ಕಾಣಿಸಿತು. ಬ್ಯಾಕ್ಟೀರಿಯಾ. ಜೀವಿಗಳ ಮಾದರಿ ಮಾರುವ ದರಪಟ್ಟಿಯಲ್ಲಿ ತೀರಾ ಕೆಳಗಿರುವುದು. ಆದರೂ ಇಳಿದೆ.

ಮಾದರಿ ತೆಗೆಯಲು ಬೇಕಾದ ಆರ್ಟೆಮಿಸ್ ಸೂಟ್ ಹಾಕಿಕೊಂಡು ಹೊರಗೆ ಬಂದಾಗ ನಕ್ಷತ್ರ ಇನ್ನೂ ದಿಗಂತದ ಮೇಲಿತ್ತು. ನೀಹಾರಿಕೆ ಮಾಸಲು. ಬ್ಯಾಕ್ಟೀರಿಯಾ ಎಂದರೆ ಇಲ್ಲಿ ನೆಲಕ್ಕೆ ಅಂಟಿದ ಬಣ್ಣದ ಹರಡು, ನೌಕೆಯಿಂದ ಹುಡುಕುವುದು ಕಷ್ಟ. ಒಂದು ಮಾದರಿ ತೆಗೆದ ಮೇಲೆ ಮುಂದಿನದು ಕನಿಷ್ಠ 500 ಮೀಟರ್ ದೂರದಲ್ಲಿರಬೇಕು. ಹೀಗೆ ಮೂರು ಮಾದರಿ ಬೇಕು. ಎರಡನೆಯದು ಸಿಗುವ ಹೊತ್ತಿಗೆ ನಕ್ಷತ್ರ ಮುಳುಗಿತು. ನಾನು ತಲೆ ತಗ್ಗಿಸಿ ನೆಲದಲ್ಲಿ ಕಲೆ ಹುಡುಕುತ್ತಿದ್ದೇನೆ, ಮೇಲೆ ಇಡೀ ಓರಾಯನ್ ಎದ್ದು ನಿಂತಿದೆ. ಮೂರನೆಯ ಮಾದರಿಗೆ ಬಹಳ ಹೊತ್ತಾಯಿತು. ಬ್ಯಾಕ್ಟೀರಿಯಾ ಸಿಗಲಿಲ್ಲವೆಂದಲ್ಲ, ನಾನೇ ನೆಲ ನೋಡುವುದನ್ನು ಬಿಟ್ಟಿದ್ದೆ.

ತೆಳು ವಾತಾವರಣವೂ ಆಕಾಶಕ್ಕೆ ತನ್ನದೊಂದು ಬಣ್ಣ ಬಳಿಯುತ್ತದೆ. ದಿಗಂತದ ಹತ್ತಿರ ನೀಹಾರಿಕೆ ತುಸು ಕಲಸಿದಂತಿತ್ತು, ಮೇಲೆ ಹೋದಂತೆ ಚೊಕ್ಕ. ಚೂಪಾದ ಫೋಟೋ ಬೇಕಿದ್ದರೆ ಗಾಳಿಯೇ ಇಲ್ಲದ ಗ್ರಹ ವಾಸಿ. ಅದೇ ವ್ಯವಸ್ಥೆಯ ಬರಡು ಉಪಗ್ರಹವೊಂದರ ಮೇಲೂ ಇಳಿದು ನೋಡಿದೆ. ಆಕಾಶ ಕತ್ತರಿಸಿಟ್ಟಂತೆ ಸ್ಪಷ್ಟ. ಆದರೂ ನನಗೆ ಮೊದಲಿನದೇ ಇಷ್ಟವಾಯಿತು.

ಶುಕ್ರವಾರ, ಶನಿವಾರ

ಇಷ್ಟು ಹತ್ತಿರ ಬಂದಮೇಲೆ ಹಾರ್ಸ್‌ಹೆಡ್ ನೀಹಾರಿಕೆಯನ್ನೂ ನೋಡಬೇಕೆನ್ನಿಸುವುದು ಸಹಜ. ಕೆಂಪು ಪರದೆಯ ಮುಂದೆ ನಿಂತ ಕಪ್ಪು ಕುದುರೆ ತಲೆ. ಆದರೆ ಹಾರ್ಸ್‌ಹೆಡ್ ಡಾರ್ಕ್ ಸೆಕ್ಟರ್‌ಗೆ ಬೀಗ ಹಾಕಿದೆ. ಪಕ್ಕದ ಕೊಲ್ 70 ಸೆಕ್ಟರ್‌ಗೂ ಅಷ್ಟೇ. ಮ್ಯಾಪ್‌ನಲ್ಲಿ ನಕ್ಷತ್ರ ಆರಿಸಿದರೆ ಪರವಾನಗಿ ಬೇಕು ಎನ್ನುತ್ತದೆ, ಆ ಪರವಾನಗಿಯನ್ನು ಯಾರೂ ಕೊಡುವುದಿಲ್ಲ. ಒಳಗೆ ಏನಿದೆ ಎಂದು ಆಟಗಾರರು ವರ್ಷಗಳಿಂದ ತಲೆ ಕೆಡಿಸಿಕೊಂಡಿದ್ದಾರೆ. ನನ್ನ ಅನುಮಾನ, ಒಳಗೆ ಇನ್ನೂ ಏನೂ ಇಲ್ಲ. ಮುಂದೆಂದಾದರೂ ಬೇಕಾದೀತೆಂದು ಜಾಗ ಕಾದಿರಿಸಿದ್ದಾರೆ. ಹೊರಗಿನಿಂದ ಒಂದೆರಡು ಫೋಟೋ ತೆಗೆದು ತಿರುಗಿದೆ.

ವಾಪಸ್ ದಾರಿ ನೇರ. ನೀಲಿ ಕಡೆ ಹೋಗಲಿಲ್ಲ. ಮಾಡಿದ ಸ್ಕ್ಯಾನ್‌ಗಳನ್ನು ಮಾರುವ ಮೊದಲು ನೌಕೆ ಒಡೆದರೆ ಅಷ್ಟೂ ಹೋಗುತ್ತದೆ. ಅದಕ್ಕೇ ಕೊನೆಯ ಜಂಪ್‌ಗಳಲ್ಲಿ ಎಲ್ಲರ ಕೈಯೂ ಸ್ವಲ್ಪ ಬಿಗಿ. ಬಬಲ್ ತಲುಪಿ ಯೂನಿವರ್ಸಲ್ ಕಾರ್ಟೋಗ್ರಾಫಿಕ್ಸ್ ಕೌಂಟರ್‌ನಲ್ಲಿ ಡೇಟಾ ಮಾರಿದೆ. ಓರಾಯನ್ ಹೆಸರುವಾಸಿ ಜಾಗ. ನಾನು ಹೋದ ಕಡೆಯೆಲ್ಲ ಮೊದಲು ಕಂಡವರೆಂದು ಬೇರೆ ಯಾರದೋ ಹೆಸರಿತ್ತು. ಸಿಕ್ಕ ದುಡ್ಡು ಅಷ್ಟಕ್ಕಷ್ಟೇ. ಆದರೆ ಆ ಮಂಜುಗಡ್ಡೆಯ ಗ್ರಹದ ಮೇಲೆ ಮೊದಲ ಹೆಜ್ಜೆ ನನ್ನದು. ಮೊದಲು ದಾಖಲಿಸಿದವರಿಗೆ, ಜೀವಿಗಳ ಮಾದರಿ ಕೊಳ್ಳುವ ವಿಸ್ಟಾ ಜೀನೋಮಿಕ್ಸ್ ಐದು ಪಟ್ಟು ಕೊಡುತ್ತದೆ. ಹಾಗಾಗಿ ಬಡಪಾಯಿ ಬ್ಯಾಕ್ಟೀರಿಯಾವೇ ಈ ಪ್ರವಾಸದ ಖರ್ಚು ತೂಗಿಸಿತು.

ರಾತ್ರಿ ಮ್ಯಾಪ್ ತೆರೆದು ಬುಕ್‌ಮಾರ್ಕ್‌ಗಳನ್ನು ಒಪ್ಪ ಮಾಡಿದೆ. ಉಂಗುರದ ಗ್ರಹ, ಕಮಾನು ಕಾಣುವ ಜಾಗ, ಬ್ಯಾಕ್ಟೀರಿಯಾದ ಗುಡ್ಡ, ಎಲ್ಲ ಅಂಚಿನವೇ, ಉಳಿಸಿಕೊಂಡೆ. ಟ್ರೆಪೀಜಿಯಂ ಒಳಗಿನದನ್ನು ಅಳಿಸಿಹಾಕಿದೆ.